ತಬಲಾ ನೆನಪಾಗದ ಗಳಿಗೆ

ರಾಜಾಜಿನಗರದ ಮೂಳೆ ಆಸ್ಪತ್ರೆಯೊಂದರಲ್ಲಿ ನನ್ನ ಪಕ್ಕದ ಕುರ್ಚಿಗಳಲ್ಲಿ ಗಂಡ ಹೆಂಡತಿ ಕೂತಿದ್ದರು. ಗಂಡನ ಬಲಗೈಗೆ ಮೊಣಕೈವರೆಗೂ ಬ್ಯಾಂಡೇಜು. ಬೆರಳುಗಳು ಉಳಿಯುತ್ತವೋ ಇಲ್ಲವೋ ಎಂದು ಡಾಕ್ಟರು ಅಂದು ಹೇಳುವವರಿದ್ದರು.

“ಕುಡಿದು ಬಿದ್ದಿದ್ದವನು ಕಣ್ರೀ ಅವನು,” ಎಂದಳು ಹೆಂಡತಿ.

“ಗೋಡೌನ್ ಗೇಟು ಕಳಚಿ ಅವನ ಮೇಲೆ ಬೀಳ್ತಾ ಇತ್ತು, ವಚನಾ.”

“ಅದಕ್ಕೆ ನೀವು ಕೈ ಒಡ್ಡಬೇಕಿತ್ತಾ? ಅವನ ಹೆಸರಾದ್ರೂ ಗೊತ್ತಾ?”

“ಇಲ್ಲ.”

“ಒಂದ್ಸಲ ನೋಡೋಕೆ ಬಂದ್ನಾ?”

“ಬರ್ಲಿ ಅಂತ ನಾನು ಗೇಟು ಹಿಡೀಲಿಲ್ಲ.”

“ನಾನು ಹುಟ್ಟಿರೋದೇ ತಬಲಾ ನುಡಿಸೋಕೆ ಅಂತಿದ್ರಿ. ನನ್ನನ್ನ ನೋಡೋಕೆ ಬಂದ ದಿನಾನೇ ಹೇಳಿದ್ರಿ.”

“ಹಂಗೇ ಅಂದ್ಕೊಂಡಿದ್ದೆ.”

“ಮತ್ತೆ?”

“ಆಗ ತಬಲಾ ನೆನಪಿಗೇ ಬರ್ಲಿಲ್ಲ. ನೀನೂ ಬರ್ಲಿಲ್ಲ. ಒಬ್ಬ ಮನುಷ್ಯ ಸಾಯ್ತಾನೆ ಅನ್ನೋದಷ್ಟೇ ಕಾಣಿಸ್ತು.”

ಅವಳು ಮುಖ ತಿರುಗಿಸಿಕೊಂಡಳು. ಹಾಗೇ ಮೆಲ್ಲಗೆ ಕೇಳಿದಳು: “ಬೆರಳು ಹೋದ್ರೆ ಆಮೇಲೆ ಯಾತಕ್ಕೋಸ್ಕರ ಬದುಕ್ತೀರಿ?”

“ಗೊತ್ತಿಲ್ಲ. ಭಯ ಆಗ್ತಿದೆ.”

“ಇನ್ನೊಂದ್ಸಲ ಹಂಗೇ ಆದ್ರೆ?”

ಅವನು ಅವಳ ಕಡೆ ತಿರುಗಿದ. “ಸುಳ್ಳು ಹೇಳ್ಲಾ?”

“ಬೇಡ.”

“ಹಿಡೀತೀನಿ.”

ಅಷ್ಟರಲ್ಲಿ ನರ್ಸ್ “ಗಿರಿರಾಜ್!” ಎಂದು ಕೂಗಿದಳು. ಅವನು ಏಳಲು ತಡವರಿಸಿದ. ವಚನಾ ಅವನ ಎಡಗೈಯನ್ನು ಗಟ್ಟಿಯಾಗಿ ಹಿಡಿದು ಎಬ್ಬಿಸಿದಳು.

“ಇದನ್ನಾದ್ರೂ ನನಗೆ ಉಳಿಸಿ,” ಎಂದಳು.

ಹಿಡಿದ ಕೈ ಬಿಡದೆ ಅವನ ಜೊತೆ ಒಳಗೆ ಹೋದಳು.