ಖಚಿತನಾ ಎಂದು ಕೇಳುತ್ತಿದ್ದವನು

ರಾತ್ರಿ ಹನ್ನೊಂದಾಗಿತ್ತು. ಒಬ್ಬ ಮನುಷ್ಯನ ಕಿವಿಯೊಳಗೆ ಕಿರ್ರ್ ಎಂದು ಸಣ್ಣ ಸದ್ದು. ಯಾರಪ್ಪಾ ಈ ಮನುಷ್ಯ ಅಂತೀರಾ? ಟಿವಿಯಲ್ಲಿ ಹತ್ತೊಂಬತ್ತು ವರ್ಷದಿಂದ ಒಂದೇ ಪ್ರಶ್ನೋತ್ತರದ ಆಟ ನಡೆಸುತ್ತಿದ್ದವನು. ಬೆಳಗಿನಿಂದ ಅದು ಐದನೇ ಕಂತಿನ ಚಿತ್ರೀಕರಣ. ಕಾಲು ಊದಿತ್ತು, ನಗು ಮಾತ್ರ ಮುಖಕ್ಕೆ ಅಂಟಿಕೊಂಡೇ ಇತ್ತು. ಕಿವಿಗೆ ಸಿಕ್ಕಿಸಿದ ಯಂತ್ರದಲ್ಲಿ ನಿರ್ದೇಶಕ ಹೇಳಿದ: "ಸರ್, ಸ್ವಲ್ಪ ಎಳೀರಿ. ತೀರಾ ಸಪ್ಪೆಯಾಗ್ತಿದೆ."

ಎದುರಿಗೆ ಕೂತವರು ಕೋಲಾರದ ಕಡೆಯ ಸಾಕಮ್ಮ. ಕೊನೆಯ ಪ್ರಶ್ನೆ. ಗೆದ್ದರೆ ಮಗಳ ನಿಂತುಹೋದ ನರ್ಸಿಂಗ್ ಓದು ಮತ್ತೆ ಶುರು. ಕೋಳಿಮೊಟ್ಟೆ ಮರಿಯಾಗಲು ಎಷ್ಟು ದಿನ ಬೇಕು?

"ಇಪ್ಪತ್ತೊಂದು."

ಮೂವತ್ತು ವರ್ಷ ಕೋಳಿಯನ್ನು ಕಾವಿಗೆ ಕೂರಿಸಿದ ಹೆಂಗಸು. ನೋಡಿ, ಆಕೆಗೆ ಇದನ್ನು ಯಾರಾದರೂ ಕಲಿಸಬೇಕಿತ್ತೇ?

ಅವನು ಹುಬ್ಬೇರಿಸಿದ. "ಖಚಿತನಾ? ಇನ್ನೊಂದ್ಸಲ ಯೋಚನೆ ಮಾಡೀಮ್ಮಾ."

ಸರಿಯುತ್ತರ ಅವನಿಗೆ ಗೊತ್ತೇ ಇರಲಿಲ್ಲ. ಸ್ಪರ್ಧಿ ತನ್ನ ಉತ್ತರ ಕಾಯಂ ಮಾಡುವ ತನಕ ಅದು ಅವನ ಪರದೆಗೆ ಬರುತ್ತಲೇ ಇರಲಿಲ್ಲ. ಎಳೆಯಬೇಕಿತ್ತು, ಎಳೆದ. ಅಷ್ಟೇ. ಸಾಕಮ್ಮ ಅವನ ಮುಖ ನೋಡಿದರು. ನೋಡಿದರು. ಮತ್ತೆ ನೋಡಿದರು.

"ಹಂಗಾದ್ರೆ... ಇಪ್ಪತ್ತೆಂಟು ಮಾಡಿ."

ಪರದೆ ಕೆಂಪಾಯಿತು. ಕಿವಿಯಲ್ಲಿ "ಸೂಪರ್ ಸರ್!" ಎಂಬ ಮೆಚ್ಚುಗೆ.

ಅಂದು ಅವನಿಗೆ ಮನೆಗೆ ಹೋಗಲಾಗಲಿಲ್ಲ. ಕ್ಷಮೆ ಕೇಳೋಣವೆಂದು ಹುಡುಕಿಕೊಂಡು ಹೋದ. ಸ್ಪರ್ಧಿಗಳ ಕೋಣೆಯಲ್ಲಿ ಸಾಕಮ್ಮ ಚೀಲಕ್ಕೆ ಸೀರೆ ತುರುಕುತ್ತಿದ್ದರು. ಅವನು ಬಾಯಿ ತೆರೆಯುವ ಮೊದಲೇ ಬಾಗಿಲತ್ತ ಕಣ್ಣು ಹಾಯಿಸಿದರು.

"ಮೆಲ್ಲಗೆ ಮಾತಾಡಣ್ಣ, ಯಾರಾದ್ರೂ ಕೇಳ್ಸ್ಕೊಂಡಾರು. ನೀನು ನಂಗೆ ಸುಳಿವು ಕೊಡಾಕ್ ಹೋದೆ, ನಿಂಗೇ ತಪ್ಪೋಯ್ತು. ನೀನೇನು ಕೋಳಿ ಸಾಕ್ದೋನಾ, ಪಾಪ! ಮಗಳಿಗೂ ಹೇಳಾಕಿಲ್ಲ ಬಿಡು. ನಿನ್ ಕೆಲ್ಸಕ್ಕೆ ಕುತ್ತು ಬಂದ್ರೆ?"

ಹತ್ತೊಂಬತ್ತು ವರ್ಷ ಮಾತನ್ನೇ ಉಂಡು ಬದುಕಿದವನು ಆಕೆಯ ಚೀಲ ಎತ್ತಿಕೊಂಡು ಬಾಗಿಲ ತನಕ ನಡೆದ.

ತಾಯಂದಿರೇ, ಅಣ್ಣಂದಿರೇ, ಅವನನ್ನು ಬಿಡಿ. ನಾವು? ತಿಳಿದು ಹೇಳಿದವರ ಮುಂದೆ, ಏನೂ ತಿಳಿಯದ ನಾವು ಎಷ್ಟು ಸಲ ಹುಬ್ಬೇರಿಸಿಲ್ಲ? ಅನುಮಾನವಿತ್ತೇ? ಇಲ್ಲ. ಸುಮ್ಮನೆ, ಬಾಯಿಚಟಕ್ಕೆ. ಸೊಸೆ ಮಗುವಿನ ಮೈ ಬಿಸಿಯಿದೆ ಎಂದರೆ ಇನ್ನು ಮೇಲೆ "ನಿಜವಾಗ್ಲೂ?" ಅನ್ನಬೇಡಿ, ಎದ್ದು ಹೋಗಿ ಮುಟ್ಟಿ ನೋಡಿ. ಮಗ ಈ ಲೆಕ್ಕ ಹೀಗೇ ಎಂದರೆ, ನಿಮಗೆ ಬರದಿದ್ದರೆ ನನಗೆ ಬರುವುದಿಲ್ಲ ಅನ್ನಿ. ಗೊತ್ತಿಲ್ಲದ ಕಡೆ ಮುಖವನ್ನು ಸುಮ್ಮನಿರಿಸಿ. ನಮ್ಮನ್ನು ನಂಬಿ ತಮ್ಮ ಸರಿಯುತ್ತರ ಬಿಟ್ಟುಕೊಟ್ಟವರು ನಮ್ಮ ಮನೆಯಲ್ಲೇ ಇದ್ದಾರೆ. ನಮ್ಮ ಮರ್ಯಾದೆ ಉಳಿಯಲಿ ಎಂದು, ಅದನ್ನು ಯಾರಿಗೂ ಹೇಳುವುದು ಬೇಡವೆಂದು ಅವರು ಎಂದೋ ತೀರ್ಮಾನಿಸಿಬಿಟ್ಟಿದ್ದಾರೆ.