ಗಾಜಿನ ಕಪಾಟಿನ ಬಟ್ಟೆ

ಅಧ್ಯಕ್ಷತೆ ವಹಿಸಿರುವ ಫೆಟ್ಸಮೋನ್ ಅಕ್ಕನವರೇ, ಅವರ ಅಂಗಡಿಗೆ ಅಸಲಿ ರೇಷ್ಮೆಯ ಮುದ್ರೆ ಕೊಡಲು ಬಂದಿರುವ ಪ್ರಾಂತದ ಅಧಿಕಾರಿಗಳೇ, ಇವತ್ತು ಸಂತೆಯ ಅಂಗಡಿಗಳನ್ನು ತಡವಾಗಿ ತೆರೆಯಲು ಒಪ್ಪಿರುವ ಲುವಾಂಗ್ ಪ್ರಬಾಂಗಿನ ಅಕ್ಕತಂಗಿಯರೇ, ಹಿಂದಿನ ಸಾಲಿನಲ್ಲಿ ಊಟದ ವಾಸನೆ ಹಿಡಿದು ತಾಳ್ಮೆಯಿಂದ ಕುಳಿತಿರುವ ಸಭಿಕರೇ,

ನೇಕಾರರ ಸಂಘದವರು ಹರಸಿ ನನ್ನ ಮಣಿಕಟ್ಟಿಗೆ ಬಿಳಿ ದಾರ ಕಟ್ಟಿದ್ದಾರೆ, ಹೆಗಲಿಗೆ ರೇಷ್ಮೆ ಹೊದಿಸಿದ್ದಾರೆ, ಈ ಬುವಾಚಾನ್ ನಾಡಿನ ಶ್ರೇಷ್ಠ ನೇಕಾರ್ತಿ ಎಂದಿದ್ದಾರೆ. ಒಂಬತ್ತು ವರ್ಷದಲ್ಲಿ ಒಂದು ಬಟ್ಟೆಯನ್ನೂ ನೇಯ್ದು ಮುಗಿಸದ ಹೆಂಗಸಿಗೆ ಈ ಬಿರುದು ಸಿಕ್ಕಿದ್ದು ಬಹುಶಃ ಇದೇ ಮೊದಲು. ನಗಬಹುದು. ಅಧ್ಯಕ್ಷರೂ ನಗುತ್ತಿದ್ದಾರೆ.

ಅಧ್ಯಕ್ಷರ ಅಂಗಡಿಯನ್ನು ನೀವೆಲ್ಲ ಬಲ್ಲಿರಿ. ಬಾಗಿಲಲ್ಲೇ ಮಗ್ಗ, ಮಗ್ಗದಲ್ಲಿ ನಾನು. ಬಟ್ಟೆ ಮುಗಿದರೆ ಹೊಸ ಹಾಸಿನ ಎಳೆಗಳನ್ನು ಹೂಡಬೇಕು, ಹೂಡುವಷ್ಟು ದಿನ ಮಗ್ಗ ಸುಮ್ಮನಿರುತ್ತದೆ. ಗಿರಾಕಿಗಳು ಬರುವುದೇ ಮಗ್ಗದ ಸದ್ದು ಕೇಳಿ. ಹಾಗಾಗಿ ಹಗಲೆಲ್ಲ ನೇಯ್ದದ್ದನ್ನು ಸಂಜೆ ಬಿಚ್ಚಿಡು ಎಂದು ಅಕ್ಕನವರು ಹೇಳಿದರು. ಬಿಚ್ಚಿದೆ. ಅದೇ ಹಾಸು, ಅದೇ ನಾಗರ ಹೆಡೆಯ ಚಿತ್ತಾರ, ಹೆಡೆಯ ಮೇಲೆ ಯಾವತ್ತೂ ಕಣ್ಣು ಮೂಡಲಿಲ್ಲ. ಎಷ್ಟು ದೇಶದವರ ಫೋಟೋಗಳಲ್ಲಿ ನಾನಿದ್ದೇನೆ, ಬಲ್ಲಿರಾ? ನನ್ನ ಬೆನ್ನ ಹಿಂದಿನ ಅಟ್ಟಣೆಗಳಲ್ಲಿ ಗಡಿಯಾಚೆಯಿಂದ ಲಾರಿಯಲ್ಲಿ ಬಂದ ಬಟ್ಟೆ ಇರುತ್ತಿತ್ತು. ಅದು ಯಾವ ಫೋಟೋದಲ್ಲೂ ಬರಲಿಲ್ಲ.

ಗಿರಾಕಿಗೆ ಅನುಮಾನ ಬಂದರೆ ಒಂದು ಎಳೆ ಸುಟ್ಟು ತೋರಿಸುವುದೂ ನನ್ನದೇ ಕೆಲಸ. ಅಸಲಿ ರೇಷ್ಮೆ ಕೂದಲು ಸುಟ್ಟ ವಾಸನೆ ಕೊಡುತ್ತದೆ, ಬೆರಳಲ್ಲಿ ಉಜ್ಜಿದರೆ ಬೂದಿ. ನಕಲಿ ಕರಗಿ ಗಟ್ಟಿ ಕಪ್ಪು ಮಣಿಯಾಗುತ್ತದೆ. ನಾನು ಸುಡುತ್ತಿದ್ದದ್ದು ಸೊಂಟದಲ್ಲಿ ಸಿಕ್ಕಿಸಿಕೊಂಡ ಎಳೆಯನ್ನು. ಅದು ಅಸಲಿಯೇ. ಅವರು ಕೊಂಡುಹೋಗುತ್ತಿದ್ದ ಬಟ್ಟೆ ಬೇರೆ. ಇದನ್ನು ಸುಳ್ಳು ಅನ್ನುತ್ತಾರೆಯೇ? ನಾನು ಆಗ ಅನ್ನುತ್ತಿರಲಿಲ್ಲ.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ನನ್ನ ಅವ್ವನ ವಿಷಯ ಒಂದೆರಡು ಮಾತು ಹೇಳಿ ಮುಗಿಸುತ್ತೇನೆ. ನಮ್ಮ ಸಾಮ್ ನುವಾ ಕಡೆಯ ಹಳ್ಳಿಯಲ್ಲಿ ತಾಯಿಯ ಕೊನೆಯ ಉಡುಗೆಯನ್ನು ಮಗಳೇ ನೇಯಬೇಕು, ಅದೂ ಮೊದಲೇ. ಊರಲ್ಲಿ ಹೆಣವಿರುವಾಗ ಮಗ್ಗದ ಸದ್ದು ಕೇಳಬಾರದು. ಪ್ರತಿ ಹೊಸವರ್ಷಕ್ಕೆ ಊರಿಗೆ ಹೋದಾಗಲೂ ಅವ್ವ ನನ್ನ ಕೈಗೆ ದಾರ ಕಟ್ಟುತ್ತ ಕೇಳುತ್ತಿದ್ದಳು: "ನೇಯ್ದ್ಯೇನೇ? ಇಲ್ಲ ಅಂದ್ರೂ ಪರವಾಗಿಲ್ಲ, ನೀ ನೇಯೋತನಕ ನಾ ಸಾಯಲ್ಲ ಬಿಡು."

ಹೋದ ಚಳಿಗಾಲದಲ್ಲಿ ಅವ್ವ ಮಾತು ತಪ್ಪಿದಳು. ನನ್ನ ಬಳಿ ಬಟ್ಟೆ ಇರಲಿಲ್ಲ. ಇದಕ್ಕೆ ನಾನು ಬೇರೆ ಯಾರನ್ನೂ ದೂರುವುದಿಲ್ಲ. ಅಂಗಡಿಯಲ್ಲಿ ಗಾಜಿನ ಕಪಾಟಿದೆ, ಅಧಿಕಾರಿಗಳು ಬಂದಾಗ ತೋರಿಸಲು ಅದರಲ್ಲೊಂದು ಅಸಲಿ ರೇಷ್ಮೆ ಇತ್ತು. ಸಂಬಳದಲ್ಲಿ ಹಿಡಿದುಕೊಳ್ಳಿ, ಅದನ್ನು ಕೊಡಿ ಎಂದು ಬೇಡಿದೆ. ಕಪಾಟು ಖಾಲಿಯಿತ್ತು.

"ಅದು ಮೊನ್ನೇನೆ ಮಾರಿಹೋಯ್ತಲ್ಲೇ," ಎಂದರು ಅಕ್ಕನವರು. ಅಟ್ಟಣೆಯಿಂದ ಒಂದನ್ನು ತೆಗೆದುಕೊಟ್ಟರು. "ಇದನ್ನ ತಗೊಂಡು ಹೋಗು, ದುಡ್ಡು ಬೇಡ. ಬೆಂಕೀಲಿ ಹೋಗೋದು ತಾನೇ, ಯಾರು ನೋಡ್ತಾರೆ?"

ಮುಟ್ಟಿದ ಕೂಡಲೇ ನಕಲಿಯೆಂದು ನನ್ನ ಕೈಗೆ ಗೊತ್ತಾಯಿತು. ಒಂದು ಹಗಲು, ಒಂದು ರಾತ್ರಿ ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಹೋದೆ. ನಾನೇ ನೇಯ್ದದ್ದು ಎಂದು ಹೇಳಿ ಅವ್ವನಿಗೆ ಉಡಿಸಿದೆ. ಊರಿನ ಹೆಂಗಸರು ಅಂಚು ಮುಟ್ಟಿ ನೋಡಲು ಬಂದರೆ, ಮುಟ್ಟಬೇಡಿ, ಹೊರಡುವ ಹೊತ್ತಾಯಿತು ಎಂದೆ.

ಆದರೆ ಚಿತೆಯ ಸುತ್ತ ನಿಂತವರು ಯಾರು? ಹುಟ್ಟಿದಾಗಿನಿಂದ ರೇಷ್ಮೆಯ ಜೊತೆ ಬದುಕಿದವರು. ಬೆಂಕಿ ತಾಗಿತು, ಕಪ್ಪು ಹೊಗೆ ಎದ್ದಿತು, ಪ್ಲಾಸ್ಟಿಕ್ ಬಕೆಟ್ ಸುಟ್ಟ ವಾಸನೆ ಬಂತು. ನನ್ನ ಚಿಕ್ಕವ್ವ ಬಂದು ನನ್ನ ತೋಳು ಹಿಡಿದಳು: "ಈ ಕಡೆ ಬಾರವ್ವ, ಗಾಳಿ ನಿನ್ನ ಕಡೆಗೇ ಬೀಸ್ತಿದೆ." ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಮೂಳೆ ಆರಿಸುವ ದಿನ ಬೂದಿಯ ಅಂಚಿನಲ್ಲಿ ಕಪ್ಪು ಮಣಿಗಳು ಸಿಕ್ಕವು. ಎರಡು ಮೂರು ಮೂಳೆಗೂ ಅಂಟಿದ್ದವು. ಎಳನೀರಲ್ಲಿ ತೊಳೆದೆ, ಉಗುರಿನಿಂದ ಕೆರೆದೆ. ಹೋಗಲಿಲ್ಲ. ಹಾಗೆಯೇ ಮಡಕೆಗೆ ಹಾಕಿದೆವು.

ಇನ್ನೊಂದೇ ಮಾತು. ನೀವು ಈಗಷ್ಟೇ ಹೊದಿಸಿದ ಈ ಬಟ್ಟೆಯಿಂದ ಒಂದು ಎಳೆ ತೆಗೆಯುತ್ತಿದ್ದೇನೆ. ಲೈಟರ್ ಜೊತೆಗೇ ಇದೆ, ಒಂಬತ್ತು ವರ್ಷದ ಅಭ್ಯಾಸ. ಗಾಬರಿ ಬೇಡ, ಕುಳಿತುಕೊಳ್ಳಿ. ಇಗೋ. ಮುಂದಿನ ಸಾಲಿನ ಅಕ್ಕಂದಿರೇ, ವಾಸನೆ ಬಂತೇ? ಕೂದಲಿನ ವಾಸನೆ. ಬೆರಳಲ್ಲಿ ಬೂದಿ. ಅಸಲಿ.

ಸುಡದೆಯೂ ನನಗೆ ಗೊತ್ತಿತ್ತು. ಇದರ ಒಂದು ಮಡಿಕೆ ಬಿಸಿಲಿಗೆ ಮಾಸಿದೆ ನೋಡಿ. ಪ್ರತಿ ಶನಿವಾರ ಗಾಜಿನ ಕಪಾಟು ತೆರೆದು ಇದರ ಧೂಳು ಒರೆಸುತ್ತಿದ್ದವಳು ನಾನೇ. ಮೊನ್ನೆಯೇ ಮಾರಿಹೋಗಿದ್ದು ಎಷ್ಟು ಚೆನ್ನಾಗಿ ಮರಳಿ ಬಂದಿದೆ.

ಅಕ್ಕನವರೇ, ಇದನ್ನು ಮಡಿಚಿ ನಿಮ್ಮ ಮೇಜಿನ ಮೇಲೆ, ಆ ಮುದ್ರೆಯ ಪಕ್ಕದಲ್ಲೇ ಇಡುತ್ತಿದ್ದೇನೆ. ಅವತ್ತು ಬಟ್ಟೆ ಕೊಡುತ್ತ ನೀವು ಕೇಳಿದ್ದಕ್ಕೆ ಉತ್ತರವನ್ನೂ ಹೇಳಿಬಿಡುತ್ತೇನೆ: ಎಲ್ಲರೂ ನೋಡಿದರು.

ನಿನ್ನೆ ಸಂಜೆ ನೇಯ್ದದ್ದನ್ನು ನಾನು ಬಿಚ್ಚಲಿಲ್ಲ. ಕತ್ತರಿಸಿಕೊಂಡು ಬಂದೆ. ಒಂದು ಗೇಣು ಬಟ್ಟೆ, ಒಂಬತ್ತು ವರ್ಷದ ದುಡಿಮೆ. ಹೆಡೆಗೆ ಕಣ್ಣು ಮೂಡಿಸಿದ್ದೇನೆ. ಅವ್ವನಿಗೆ ಉಡಿಸಲು ಸಾಲದು. ಅವಳ ಮೂಳೆಯ ಮಡಕೆಯ ಬಾಯಿಗೆ ಕಟ್ಟಲು ಸಾಕಾಗುತ್ತದೆ.

ಸಾಮ್ ನುವಾ ಬಸ್ಸಿಗೆ ಹೊತ್ತಾಯಿತು. ಇಷ್ಟು ಹೊತ್ತು ಕೇಳಿಸಿಕೊಂಡ ನಿಮಗೆಲ್ಲ ನನ್ನ ಧನ್ಯವಾದ. ನಮಸ್ಕಾರ.