ಕಣ್ಣು ಕೆರೆಯದ ಸೈತಾನ

ಹತ್ತಿರ ಬನ್ನಿ, ಇದನ್ನು ಜೋರಾಗಿ ಹೇಳಬಾರದು. ಯಾರೋ ಕಟ್ಟಿದ ಕತೆಯಲ್ಲ, ನನ್ನ ದೊಡ್ಡಮ್ಮನ ದೊಡ್ಡ ಮಗನಿಗೇ ಆದದ್ದು. ಚರ್ಚಿನ ಗೋಡೆಗಳಿಗೆ ಚಿತ್ರ ಬರೆಯೋದು ಅವನ ಕಸುಬು. ಅವತ್ತು ಕೆಲಸ ಮುಗಿಸಿ, ಹಾಳುಬಾವಿಯ ದಾರಿ ಹಿಡಿದು ಒಬ್ಬನೇ ಮನೆಗೆ ಹೊರಟಿದ್ದ. ಹನ್ನೊಂದು ಹೊಡೆದಿತ್ತು. ಮನಸ್ಸು ನೆಟ್ಟಗಿರಲಿಲ್ಲ.

ಯಾಕೆ ಅಂದರೆ, ಮೂರು ತಿಂಗಳಿಂದ ಅವನು ಸೈತಾನನ ಚಿತ್ರವನ್ನು ಹೊಸದು ಮಾಡುತ್ತಿದ್ದ. ಆ ಗೋಡೆ ಈರುಳ್ಳಿಯ ಹಾಗೆ, ಸುಲಿದಷ್ಟೂ ಸೈತಾನ. ಮೇಲಿನ ಪದರದಲ್ಲಿ ರೆಕ್ಕೆ ಮುರಿದುಕೊಂಡು ಕೊರಗುವ ಚೆಲುವ. ಅದರಡಿ ಕೊಂಬು, ಬಾಲ, ಮೇಕೆಕಾಲು, ಹೊಟ್ಟೆಯ ಮೇಲೆ ಇನ್ನೊಂದು ಬಾಯಿ. ಎಲ್ಲಕ್ಕಿಂತ ಹಳೆಯದರಲ್ಲಿ ನೀಲಿ ಬಟ್ಟೆಯ ದೇವದೂತ, ಕೊಂಬಿಲ್ಲ ಗಿಂಬಿಲ್ಲ. ವೇಷ ಬೇರೆ ಬೇರೆ. ಆದರೆ ಮೂವರ ಕಣ್ಣನ್ನೂ ಮೊಳೆಯಿಂದ ಕೆರೆದು ಹಾಕಿದ್ದರು. ಅದು ಆ ಕಸುಬಿನವರ ಕಟ್ಟಳೆ. ಸೈತಾನನನ್ನು ಬರೆದವನೇ, ಬಣ್ಣ ಒಣಗುವ ಮೊದಲು, ಕಣ್ಣು ಕೆರೆಯಬೇಕು. ಇಲ್ಲದಿದ್ದರೆ ಅವನು ಆ ಮುಖ ಹೊತ್ತು ಗೋಡೆಯಿಂದ ಇಳಿದು ಬರುತ್ತಾನಂತೆ.

ಈ ಸಲ ಪಾದ್ರಿಗಳು ಹೇಳಿದ್ದರು, "ಕೊಂಬು ಕಂಡ್ರೆ ಈಗ ಮಕ್ಕಳೂ ನಗ್ತವೆ. ಪಕ್ಕದ ಮನೆಯವನ ಹಾಗಿರಲಿ. ಒಳ್ಳೇ ಮುಖ ಬರಿ."

ಒಳ್ಳೇ ಮುಖ ಹುಡುಕಿಕೊಂಡು ಎಲ್ಲಿಗೆ ಹೋಗೋದು? ಮನೆಯಲ್ಲೇ ತಮ್ಮನಿದ್ದ. ಗಡಿಯಾರ ರಿಪೇರಿಯವನು. ಅವನು ನಕ್ಕರೆ ಎದುರಿಗಿದ್ದವರೂ ನಗಬೇಕು, ಅಂಥ ಮುಖ. "ಬಾಲ ಬಿಚ್ಲಾ ಅಣ್ಣಾ, ಬೇಡ್ವಾ?" ಎಂದು ತಮಾಷೆ ಮಾಡುತ್ತಲೇ ಚಿತ್ರಕ್ಕೆ ಕೂತ. ಚಿತ್ರ ಎಷ್ಟು ಚೆನ್ನಾಗಿ ಬಂತೆಂದರೆ, ಮೊಳೆ ಹಿಡಿದ ಅಣ್ಣನ ಕೈ ಮೇಲೇಳಲಿಲ್ಲ. ತಾನೇ ಎತ್ತಿ ಆಡಿಸಿದ ತಮ್ಮನ ಕಣ್ಣು ಅವು. ಹಾಗೇ ಬಿಟ್ಟು ಬಂದಿದ್ದ.

ಬಾವಿಯ ಹತ್ತಿರ... ಟಕ್. ...ಟಕ್. ಕಲ್ಲಿನ ಮೇಲೆ ಗೊರಸು ಊರಿದ ಸದ್ದು. ಇವನು ನಿಂತ. ಅದೂ ನಿಂತಿತು.

ಬಾವಿಕಟ್ಟೆಯ ಮೇಲೆ ತಮ್ಮ ಕೂತಿದ್ದ.

"ಇಷ್ಟೊತ್ತಲ್ಲಿ ಇಲ್ಲೇನೋ ಮಾಡ್ತಿದ್ದೀಯ?"

"ಅಣ್ಣಾ..." ಪಿಸುದನಿ. "ಈ ಮುಖ ಎಷ್ಟು ಹಗುರ. ಕೊಂಬು ಹೊತ್ತೂ ಹೊತ್ತೂ ಕತ್ತು ನೋಯ್ತಿತ್ತು."

"ಯಾ... ಯಾರು ನೀನು?"

"ಕಣ್ಣು ಉಳಿಸಿದ್ಯಲ್ಲ... ಬೆಳಗಾದ್ರೆ ಇದು ನಂದೇ. ಮನೇಲಿ ಮಲಗಿರೋನಿಗೆ ಬೇರೆ ಮುಖ ಹುಡುಕು."

ಎದ್ದೆನೋ ಬಿದ್ದೆನೋ ಎಂದು ಚರ್ಚಿಗೇ ವಾಪಸು ಓಡಿದ. ಬಾಗಿಲು ಕಿರ್ರ್ ಅಂತು. ದೀಪ ಎತ್ತಿ ಹಿಡಿದರೆ, ಗೋಡೆಯ ಮೇಲೆ ತಮ್ಮ ನಗುತ್ತಿದ್ದ. "ತಪ್ಪಾಯ್ತು ಕಣೋ, ತಪ್ಪಾಯ್ತು" ಎಂದು ಅಳುತ್ತಾ ಮೊಳೆ ಊರಿದ. ಕರ್... ಕರ್ರ್... ಎಡಗಣ್ಣು. ಕರ್ರ್... ಬಲಗಣ್ಣು. ಸುಣ್ಣದ ಪುಡಿ ಕಾಲ ಮೇಲೆ ಉದುರಿತು. ಅಬ್ಬಾ, ತಮ್ಮ ಉಳಿದ ಅಂದುಕೊಂಡ, ಪಾಪ.

ಮನೆ ಮುಟ್ಟುವಷ್ಟರಲ್ಲಿ ಬೀದಿಯೆಲ್ಲ ಎದ್ದಿತ್ತು. ತಮ್ಮ ಹಾಸಿಗೆಯಲ್ಲಿ ಕೂತು ಎರಡೂ ಕೈಯಿಂದ ಮುಖ ಮುಚ್ಚಿಕೊಂಡಿದ್ದ. ಬೆರಳ ಸಂದಿಯಿಂದ ರಕ್ತ.

"ಅಣ್ಣಾ... ಯಾರೋ ಮೊಳೆ ಹಾಕಿ ಕೆರೆದ. ತಪ್ಪಾಯ್ತು ಕಣೋ ಅಂತ ಅಳ್ತಾ ಅಳ್ತಾ ಕೆರೆದ. ದನಿ... ನಿನ್ನ ಥರಾನೇ ಇತ್ತು."

ಅಣ್ಣ ಬಗ್ಗಿ ತನ್ನ ಕಾಲ ಮೇಲಿನ ಸುಣ್ಣದ ಪುಡಿ ನೋಡಿಕೊಂಡ.

ನಂಬಿದರೆ ನಂಬಿ, ಬಿಟ್ಟರೆ ಬಿಡಿ. ಆ ತಮ್ಮನನ್ನು ಕೈಹಿಡಿದು ಆಸ್ಪತ್ರೆಗೆ ನಡೆಸಿಕೊಂಡು ಹೋದವನು ನಾನೇ. ಬೆಳಿಗ್ಗೆ ಚರ್ಚಿಗೂ ಹೋದೆ. ಗೋಡೆ ನೋಡಿದೆ, ಬೆರಳಿಂದ ಮುಟ್ಟಿಯೂ ನೋಡಿದೆ. ಎರಡು ಕಣ್ಣೂ ಇದ್ದವು. ಒಂದು ಗೀರೂ ಇರಲಿಲ್ಲ.